"ಇಲ್ಲ ಅನ್ನೋಕೆ ಬರಲ್ಲ" ಎಂದು ಬಂದವರು

(ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಬಂದ ಮಹಿಳೆ. ನಲವತ್ತರ ಹತ್ತಿರದ ವಯಸ್ಸು. ಕಚೇರಿ ಕೆಲಸ. ಗಂಡನೂ ದುಡಿಯುತ್ತಾರೆ, ಇಬ್ಬರು ಮಕ್ಕಳು. ನಿದ್ದೆ ಬರುತ್ತಿಲ್ಲ, ಸಣ್ಣದಕ್ಕೂ ಅಳು ಬರುತ್ತದೆ ಎಂದರು. ಕಾರಣವನ್ನೂ ಅವರೇ ಹೇಳಿದರು: "ನನಗೆ ಇಲ್ಲ ಅನ್ನೋಕೆ ಬರಲ್ಲ ಮೇಡಂ. ಅದೊಂದನ್ನ ಸರಿ ಮಾಡಿಕೊಡಿ."

ಬಡ್ತಿ ಎರಡು ಸಲ ಕೈತಪ್ಪಿತ್ತು. "ಎಲ್ಲರಿಗೂ ನೆರವಾಗುತ್ತಾರೆ, ಆದರೆ ದೊಡ್ಡ ಪ್ರಾಜೆಕ್ಟ್ ನಡೆಸಿದ ಅನುಭವ ಸಾಲದು" ಎಂದು ಮೇಲಿನವರು ಬರೆದಿದ್ದರು. ಆ ಮಾತು ಅವರನ್ನು ಕೊರೆಯುತ್ತಿತ್ತು.

ಒಂದು ವಾರ ಮಾಡಿದ್ದನ್ನೆಲ್ಲ ಬರೆದಿಡಿ, ಪಕ್ಕದಲ್ಲಿ 'ಯಾರು ಹೇಳಿದ್ದು' ಅಂತಲೂ ಬರೆಯಿರಿ ಎಂದೆ. ಪಟ್ಟಿ ತಂದರು. ಮೀಟಿಂಗ್‌ನ ನಡಾವಳಿ ಬರೆಯುವುದು, ಹೊಸಬರಿಗೆ ಕಲಿಸುವುದು, ಬೀಳ್ಕೊಡುಗೆಗೆ ದುಡ್ಡು ಸೇರಿಸುವುದು, ಮುನಿಸಿಕೊಂಡ ಇಬ್ಬರನ್ನು ಸಮಾಧಾನ ಮಾಡುವುದು. ಇದರಲ್ಲಿ ಅವರಾಗಿಯೇ ಕೈ ಹಾಕಿದ್ದು ಕಡಿಮೆ. ಹೆಚ್ಚಿನವು "ನೀವಾದ್ರೆ ಚೆನ್ನಾಗಿ ಮಾಡ್ತೀರಿ" ಎಂಬ ಮಾತಿನೊಂದಿಗೆ ಬಂದಿದ್ದವು. ಜೊತೆಯ ಗಂಡಸರನ್ನು ಯಾರೂ ಕೇಳಿಯೇ ಇರಲಿಲ್ಲ.

ಆಗ ಅವರಿಗೆ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಅರ್ಥಶಾಸ್ತ್ರಜ್ಞೆಯರಾದ ಲಿಂಡಾ ಬ್ಯಾಬ್ಕಾಕ್, ಲೀಸ್ ವೆಸ್ಟರ್ಲಂಡ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ್ದು. ಯಾರಾದರೊಬ್ಬರು ಮಾಡಲೇಬೇಕು, ಮಾಡಿದವರಿಗೆ ಮಾತ್ರ ಲಾಭ ಕಡಿಮೆ, ಅಂಥ ಕೆಲಸ ಕೊಟ್ಟು ನೋಡಿದರು. ಗಂಡು ಹೆಣ್ಣು ಕೂಡಿದ ಗುಂಪಿನಲ್ಲಿ ಹೆಂಗಸರೇ ಜಾಸ್ತಿ ಮುಂದೆ ಬಂದರು. ಬರೀ ಹೆಂಗಸರ ಗುಂಪಿಗೂ ಬರೀ ಗಂಡಸರ ಗುಂಪಿಗೂ ಹೋಲಿಸಿದರೆ ವ್ಯತ್ಯಾಸ ಕಾಣಲಿಲ್ಲ. ಈ ಕೆಲಸ ಮಾಡಿ ಎಂದು ಯಾರನ್ನು ಕೇಳಬೇಕು ಎಂದು ಆರಿಸುವ ಅವಕಾಶ ಬೇರೊಬ್ಬರಿಗೆ ಕೊಟ್ಟಾಗಲೂ ಅವರು ಹೆಂಗಸರನ್ನೇ ಹೆಚ್ಚು ಕೇಳಿದರು. ಕೇಳಿದವರಲ್ಲಿ ಹೆಂಗಸರೂ ಇದ್ದರು! ಹುಟ್ಟುಗುಣವೇ ಆಗಿದ್ದರೆ ಹೆಂಗಸರೇ ಇರುವಲ್ಲೂ ಹೀಗೇ ಆಗಬೇಕಿತ್ತು, ಅಲ್ವಾ? ಇದನ್ನು ಕೇಳಿ ಅವರಿಗೆ ಸಿಟ್ಟು ಬಂತು. ನನಗೆ ಸಮಾಧಾನವಾಯಿತು. ಅಲ್ಲಿಯವರೆಗೆ ಆ ಸಿಟ್ಟೆಲ್ಲ ತಮ್ಮ ಮೇಲೇ ಇತ್ತು.

ಸುಮ್ನೆ "ಇಲ್ಲ ಅನ್ನಿ" ಎಂದು ಹೇಳಿ ಕಳಿಸುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಗಂಡಸು ಆಗಲ್ಲ ಎಂದರೆ ಕೆಲಸ ಜಾಸ್ತಿ ಇರಬೇಕು ಅನ್ನುತ್ತಾರೆ. ಹೆಂಗಸು ಅದೇ ಮಾತು ಹೇಳಿದರೆ ಸೊಕ್ಕು ಎನ್ನುವವರಿದ್ದಾರೆ. ಅವಳು ನಿರಾಕರಿಸಿದ ಕೆಲಸ ಪಕ್ಕದ ಇನ್ನೊಬ್ಬ ಹೆಂಗಸಿನ ಮೇಲೇ ಬೀಳುವುದೂ ಉಂಟು. ಅದಕ್ಕೇ, ಪಟ್ಟಿಯನ್ನು ಮ್ಯಾನೇಜರ್ ಮುಂದೆ ಇಡಿ, ಎಷ್ಟು ಹೊತ್ತು ಹಿಡಿಯಿತು ಎಂಬುದೂ ಅದರಲ್ಲಿರಲಿ ಎಂದೆ. ಈ ಕೆಲಸಗಳು ಹೆಸರಿನ ಸರದಿ ಪ್ರಕಾರ ಎಲ್ಲರಿಗೂ ಹೋಗಲಿ ಎಂದು ಕೇಳಬೇಕು. ಮುಂದಿನ ದೊಡ್ಡ ಪ್ರಾಜೆಕ್ಟನ್ನೂ ಆಗಲೇ ಕೇಳಬೇಕು. ಬಡ್ತಿಗೆ ಏನೇನು ಬೇಕು ಎಂಬುದು ಬರವಣಿಗೆಯಲ್ಲಿ ಬರಬೇಕು. ಆ ಮಾತುಗಳನ್ನು ನನ್ನೆದುರೇ ಹೇಳಿ ಅಭ್ಯಾಸ ಮಾಡಿದರು. ಮೊದಮೊದಲು ಪ್ರತಿ ವಾಕ್ಯಕ್ಕೂ "ಸಾರಿ" ಸೇರುತ್ತಿತ್ತು.

ಮನೆಯ ಕಥೆಯೂ ಬೇರೆಯಲ್ಲ. ಜಗತ್ತಿನಲ್ಲಿ ಸಂಬಳವಿಲ್ಲದ ಆರೈಕೆ ಕೆಲಸದ ಹೊತ್ತಿನಲ್ಲಿ ಸುಮಾರು ಶೇ. 76ರಷ್ಟು ಹೆಂಗಸರದೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಹೇಳಿತ್ತು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿದ್ದೂ ಇದಕ್ಕೆ ಹತ್ತಿರದ್ದು: ಒಂದೇ ಉದ್ಯೋಗದ ಗಂಡು ಹೆಣ್ಣಿನ ಗಳಿಕೆಯಲ್ಲಿ ಈಗ ಕಾಣುವ ಅಂತರ ಬಹುಪಾಲು ಮೊದಲ ಮಗುವಿನ ನಂತರ ಶುರುವಾಗುತ್ತದೆ.

ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ, ಹೆಂಡತಿಯ ಸ್ಥಿತಿ ನೋಡಿ ನಿಜವಾಗಿ ಕಂಗಾಲಾಗಿದ್ದರು. "ಹೇಳಿದ್ರೆ ಮಾಡ್ತೀನಲ್ಲ ಮೇಡಂ" ಎಂದರು. ನೆನಪಿಟ್ಟುಕೊಂಡು ಹೇಳುವುದೇ ನಿಮ್ಮ ಹೆಂಡತಿಯನ್ನು ಸುಸ್ತು ಮಾಡಿರುವುದು ಎಂದೆ. ಅದಕ್ಕೆ ಬಿಡಿ ಕೆಲಸಗಳ ಬದಲು ಒಂದಿಡೀ ಜವಾಬ್ದಾರಿ ವಹಿಸಿಕೊಳ್ಳಲು ಸೂಚಿಸಿದೆ. ಮಕ್ಕಳ ಶಾಲೆ ಮತ್ತು ವೈದ್ಯರ ವಿಷಯ ಪೂರ್ತಿ ಅವರದು. ಶಾಲೆಯಲ್ಲಿ ಕೊಟ್ಟ ಫೋನ್ ನಂಬರ್ ಕೂಡ ಅವರದೇ. ಮರೆತರೆ ಉತ್ತರ ಕೊಡಬೇಕಾದವರೂ ಅವರೇ. ಹೆಂಡತಿಗೆ ಹೇಳಿದ್ದು, ತಿದ್ದಲು ಹೋಗಬೇಡಿ ಎಂದು. ಅವರಿಗೆ ಅತಿ ಕಷ್ಟವಾದದ್ದು ಇದೇ.

ನಿದ್ದೆಗಾಗಿ ವೈದ್ಯರನ್ನೂ ಕಾಣಲು ತಿಳಿಸಿದೆ. ಮಾತಿನಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಕಾಯಬಾರದು.

ಈಗ ನಡಾವಳಿ ಬರೆಯುವ ಕೆಲಸ ಸರದಿಗೆ ಬಂದಿದೆ. ಒಬ್ಬ ಸಹೋದ್ಯೋಗಿ ಗೊಣಗಿದರಂತೆ. ಬೀಳ್ಕೊಡುಗೆ ಇನ್ನೂ ಇವರ ತಲೆಗೇ ಬರುತ್ತಿದೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಪ್ರಾಜೆಕ್ಟ್ ಬಗ್ಗೆ ಮ್ಯಾನೇಜರ್ "ನೋಡೋಣ" ಎಂದಿದ್ದಾರೆ. ಆ "ನೋಡೋಣ"ಕ್ಕೆ ಒಂದು ತಾರೀಖು ಬರೆಸಿಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.