ಅಪ್ಪ-ಅಮ್ಮನಿಗೆ ಇಂಗ್ಲಿಷ್ ಬರದಿದ್ದರೆ ಶಾಲೆ ಅವರನ್ನು ಹೇಗೆ ಜೊತೆಗೆ ಸೇರಿಸಿಕೊಳ್ಳಬೇಕು?

ನೀವು ಕೇಳಿದ್ದು ರಾಯಚೂರು ಕಡೆಯ ಸರ್ಕಾರಿ ಶಾಲೆಯ ಇಂಗ್ಲಿಷ್ ಮಾಧ್ಯಮ ತರಗತಿಗಳ ಬಗ್ಗೆ. ಪೋಷಕರು ಸಭೆಗೆ ಬರುತ್ತಿಲ್ಲ ಎಂದಿದ್ದೀರಿ.

ಮೊದಲು ಸಭೆಯ ಹೊತ್ತು ಬದಲಿಸಿ. ಹತ್ತಿ ಬಿಡಿಸುವ ದಿನಗಳಲ್ಲಿ ಬೆಳಿಗ್ಗೆ 11ಕ್ಕೆ ಕರೆದರೆ ಒಂದು ದಿನದ ಕೂಲಿ ಹೋಗುತ್ತದೆ, ಅಲ್ವಾ? ಸಂಜೆ ಓಣಿಗೆ, ತಾಂಡಾಕ್ಕೆ ನೀವೇ ಹೋಗಿ.

ಇಲ್ಲಿನ ಮನೆಗಳಲ್ಲಿ ಕನ್ನಡದ ಜೊತೆ ತೆಲುಗು, ಉರ್ದು, ಲಂಬಾಣಿ ಮಾತೂ ಇದೆ. ಡೈರಿಯಲ್ಲಿ ಇಂಗ್ಲಿಷ್‌ನಲ್ಲಿ ಬರೆದು ಕಳಿಸಿದರೆ ತಾಯಿ ಸುಮ್ನೆ ಸಹಿ ಹಾಕಿ ಕೊಡುತ್ತಾಳೆ. ಅದರ ಬದಲು ಅವರ ಮಾತಿನಲ್ಲೇ ಅರ್ಧ ನಿಮಿಷದ ವಾಟ್ಸಾಪ್ ಧ್ವನಿ ಸಂದೇಶ ಕಳಿಸಿ. ದುಡಿಯಲು ಬೆಂಗಳೂರಿಗೆ ಹೋದ ಅಪ್ಪನಿಗೂ ಅದು ತಲುಪುತ್ತದೆ. ಮಗುವಿನ ಮೇಲಿನ ದೂರನ್ನು ಮಾತ್ರ ಮಗುವಿನ ಬಾಯಿಂದ ಹೇಳಿಸಬೇಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. 'ಮನೆಯಲ್ಲೂ ಇಂಗ್ಲಿಷ್ ಮಾತಾಡಿಸಿ' ಎಂದು ದಯವಿಟ್ಟು ಹೇಳಬೇಡಿ. ಹಾಗೆ ಹೇಳಿದ ದಿನವೇ ಆ ತಾಯಿ 'ನನ್ನಿಂದ ಏನೂ ಆಗಲ್ಲ' ಎಂದು ಹಿಂದೆ ಸರಿಯುತ್ತಾಳೆ. 'ಇವತ್ತು ಏನು ಕಲಿತೆ, ನಮ್ಮ ಮಾತಲ್ಲಿ ಹೇಳು' ಎಂದು ಕೇಳಲು ಹೇಳಿ. ಮನೆಮಾತಿನಲ್ಲಿ ಅರ್ಥ ಗಟ್ಟಿಯಾದರೆ ಇಂಗ್ಲಿಷ್ ಪದ ಬೇಗ ಹತ್ತುತ್ತದೆ. ಅಜ್ಜಿಯ ಕಥೆಯನ್ನು ತರಗತಿಯಲ್ಲಿ ಹೇಳಿಸಿ, ಅದರಿಂದಲೇ ನಾಲ್ಕು ಇಂಗ್ಲಿಷ್ ವಾಕ್ಯ ಮಾಡಿಸಿ. ಒಮ್ಮೆ ಆ ಅಜ್ಜಿಯನ್ನೇ ಕರೆಸಿ.

ಇನ್ನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ತಾಂಡಾದ ತಾಯಂದಿರನ್ನೂ ಅದರಲ್ಲಿ ಕೂರಿಸಿ, ಅವರಿಗೆ ಮಾತಾಡಲು ಬಿಡಿ.