ಕೋಡ್ ಪ್ರಶ್ನೋತ್ತರ: ‘ಆರ್ಡರ್ ಸಿದ್ಧ’ ಎಂಬುದು ಮೇಲಕ್ಕೆ ಏಕೆ ಕೇಳಿಸುತ್ತಿಲ್ಲ?

ಪ್ರಶ್ನೆ: ಗಾಂಧಿ ಬಜಾರಿನಲ್ಲಿರುವ ನಮ್ಮ ತಿಂಡಿ ಅಂಗಡಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಪುಟ ಬರೆಯುತ್ತಿದ್ದೇನೆ. ದೋಸೆಯ ಸಾಲಿನಿಂದ ‘ಆರ್ಡರ್ ಸಿದ್ಧ’ ಎಂಬ ನನ್ನದೇ ಈವೆಂಟ್ (ಏನೋ ನಡೆಯಿತು ಎಂಬ ಸೂಚನೆ) ಕಳುಹಿಸಿದರೂ ಇಡೀ ಪಟ್ಟಿಗೆ ಸೇರಿಸಿದ ಲಿಸನರ್‌ಗೆ (ಆ ಸೂಚನೆಗೆ ಕಾಯುವ ಫಂಕ್ಷನ್‌ಗೆ) ತಲುಪುತ್ತಿಲ್ಲ. ಕೋಡ್ ಜೊತೆಗಿದೆ.
– ಓದುಗರು, ಬಸವನಗುಡಿ

ಉತ್ತರ: ನಿಮ್ಮ ಕೋಡ್ ಬಹುತೇಕ ಸರಿಯಾಗಿದೆ. ‘ಕಸ್ಟಮ್‌ಈವೆಂಟ್’ (ನಾವೇ ಹೆಸರಿಡುವ ಈವೆಂಟ್) ಸೃಷ್ಟಿಸುವಾಗ ‘ಬಬಲ್ಸ್: ಟ್ರೂ’ ಎಂದು ಬರೆಯುವುದೊಂದು ಬಿಟ್ಟುಹೋಗಿದೆ. ಕ್ಲಿಕ್ ತಾನಾಗಿಯೇ ಹೊರಗಿನ ಅಂಶಗಳಿಗೆ ಏರುತ್ತದೆ. ನಾವು ಸೃಷ್ಟಿಸಿದ ಈವೆಂಟ್ ಹೀಗೆ ಹೇಳದ ಹೊರತು ಹುಟ್ಟಿದಲ್ಲೇ ನಿಲ್ಲುತ್ತದೆ. ದೋಷಸಂದೇಶವೂ ಬರುವುದಿಲ್ಲ. ಇದೇ ಒಂದು ಪದಕ್ಕಾಗಿ ಜಯನಗರದ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಹುಡುಕಾಡಿದ್ದೇನೆ. ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು.

ಟೋಕನ್ ಸಂಖ್ಯೆಯನ್ನು ಈವೆಂಟ್ ಜೊತೆಗೇ ಮಾಹಿತಿ ಸಾಗಿಸುವ ‘ಡೀಟೇಲ್’ನಲ್ಲಿ ಇಡಿ, ಲಿಸನರ್ ಅಲ್ಲಿಂದಲೇ ಓದಿಕೊಳ್ಳಲಿ. ಇದಕ್ಕಾಗಿ ಇಡೀ ಕೋಡ್‌ಗೆ ಕಾಣುವ ಗ್ಲೋಬಲ್ ವೇರಿಯಬಲ್ ಖಂಡಿತ ಬೇಡ.

ಆರ್ಡರ್‌ಗಳ ಲೆಕ್ಕ ಇಡುವ ನಿಮ್ಮ ಕ್ಲಾಸ್‌ನಿಂದಲೂ ಈವೆಂಟ್ ಕಳುಹಿಸಬಹುದು. ಈವೆಂಟ್ ಕಳುಹಿಸಬಲ್ಲ ‘ಈವೆಂಟ್‌ಟಾರ್ಗೆಟ್’ ಎಂಬ ಸಿದ್ಧ ಕ್ಲಾಸ್ ಅನ್ನು ಎಕ್ಸ್‌ಟೆಂಡ್ ಮಾಡಿ (ಅದರ ಮೇಲೆ ನಿಮ್ಮ ಕ್ಲಾಸ್ ಕಟ್ಟಿ), ಕನ್‌ಸ್ಟ್ರಕ್ಟರ್‌ನ (ಆಬ್ಜೆಕ್ಟ್ ಸೃಷ್ಟಿಯಾಗುವಾಗ ಓಡುವ ಭಾಗದ) ಮೊದಲ ಸಾಲಿನಲ್ಲೇ ಮೂಲ ಕ್ಲಾಸ್ ಅನ್ನು ಸಜ್ಜುಗೊಳಿಸುವ ‘ಸೂಪರ್’ ಕರೆಯಿರಿ. ಲಿಸನರ್ ತೆಗೆಯುವಾಗ ಮಾತ್ರ, ಸೇರಿಸಿದ ಅದೇ ಫಂಕ್ಷನ್ ಕೊಡಬೇಕು. ಅಕ್ಷರಶಃ ಹಾಗೆಯೇ ಇರುವ ಹೊಸ ಆರೋ ಫಂಕ್ಷನ್ (‘=>’ ಬಳಸಿ ಬರೆಯುವ ಫಂಕ್ಷನ್) ಕೊಟ್ಟರೆ ಹಳೆಯದು ಹೋಗುವುದಿಲ್ಲ. ಆಮೇಲೆ ಇನ್ನೊಂದು ಲಿಸನರ್ ಸೇರಿಸಿದರೆ ಒಂದೇ ಟೋಕನ್ ಪರದೆಯಲ್ಲಿ ಎರಡೆರಡು ಸಲ ಮೂಡೀತು.