ಕಿವಿಗೆ ಒಂದೇ, ಬರವಣಿಗೆಯಲ್ಲಿ ಬೇರೆ

ಪ್ರಶ್ನೆ: ಎಸ್ಸೆಸ್ಸೆಲ್ಸಿ ಓದುತ್ತಿರುವ ನನ್ನ ಮಗಳು ಇಂಗ್ಲಿಷ್ ಪ್ರಬಂಧದಲ್ಲಿ ರೇಷ್ಮೆಗೂಡಿನ ‘ಪ್ರೈಸ್’ ಕುಸಿದಿದೆ ಎಂದು ಬರೆಯುವಾಗ ‘ಸಿ’ ಬದಲು ‘ಝಡ್’ ಹಾಕಿದ್ದರಿಂದ, ಬೆಲೆ ಹೋಗಿ ಬಹುಮಾನವೆಂಬ ಅರ್ಥ ಬಂದಿತು. ‘ಸ್ಟೇಷನರಿ’, ‘ಪ್ರಿನ್ಸಿಪಲ್’ ಬರೆಯುವಾಗಲೂ ಇದೇ ಗೊಂದಲ. ಬಾಯಿಪಾಠ ಬಿಟ್ಟು ಬೇರೆ ದಾರಿಯಿದೆಯೇ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಖಂಡಿತ ಇದೆ. ಆದರೆ ನೀವು ಕೊಟ್ಟ ಮೂರೂ ಉದಾಹರಣೆಗಳು ಒಂದೇ ಬಗೆಯವಲ್ಲ. ಬೆಲೆ ಮತ್ತು ಬಹುಮಾನವನ್ನು ಸೂಚಿಸುವ ಪದಗಳು ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ; ಎರಡನೆಯದರ ಕೊನೆಯ ಧ್ವನಿ ನಮ್ಮ ವರ್ಣಮಾಲೆಯಲ್ಲಿ ಇಲ್ಲದ ಕಾರಣ ನಾವು ಅಲ್ಲಿಯೂ ಸಕಾರವನ್ನೇ ನುಡಿಯುತ್ತೇವೆ. ಮಗಳು ಗಂಟಲಿನ ಮೇಲೆ ಬೆರಳಿಟ್ಟು ‘ಸ್‌ಸ್‌ಸ್’ ಎಂದು ಎಳೆಯಲಿ, ಗಂಟಲು ಅದುರುವುದಿಲ್ಲ. ನಾಲಿಗೆಯನ್ನು ಅಲ್ಲಿಂದ ಕದಲಿಸದೆ, ಜೇನುನೊಣ ಗುಂಯ್‌ಗುಡುವಂತೆ ದನಿ ಸೇರಿಸಿದರೆ ಬೆರಳಿಗೆ ಕಂಪನ ತಿಳಿಯುತ್ತದೆ. ಬಹುಮಾನದ ಪದ ಮುಗಿಯುವುದು ಈ ಧ್ವನಿಯಿಂದ. ಸಡಿಲ ಎಂಬರ್ಥದ ‘ಲೂಸ್’ಗೆ ಎರಡು ‘ಓ’, ಗಂಟಲು ಅದುರುವುದಿಲ್ಲ. ಕಳೆದುಕೊಳ್ಳು ಎಂಬರ್ಥದ ‘ಲೂಜ಼್’ಗೆ ಒಂದೇ ‘ಓ’, ಗಂಟಲು ಅದುರುತ್ತದೆ. ಎರಡರಲ್ಲೂ ಇರುವುದು ‘ಎಸ್’ ಅಕ್ಷರವೇ ಆದ್ದರಿಂದ, ಇಲ್ಲಿ ಕಣ್ಣಿಗಿಂತ ಕಿವಿಯನ್ನು ನಂಬುವುದು ಒಳ್ಳೆಯದು. ಸಲಹೆ ಎಂಬ ನಾಮಪದ ಮತ್ತು ಸಲಹೆ ನೀಡು ಎಂಬ ಕ್ರಿಯಾಪದಗಳ ನಡುವಿನ ವ್ಯತ್ಯಾಸವೂ ಇದೇ: ಮೊದಲನೆಯದಕ್ಕೆ ‘ಸಿ’, ಎರಡನೆಯದಕ್ಕೆ ‘ಎಸ್’.

‘ಸ್ಟೇಷನರಿ’ಯ ವಿಷಯ ಬೇರೆ. ಇಂಗ್ಲಿಷರ ಬಾಯಲ್ಲೂ ಆ ಎರಡು ಪದಗಳು ಒಂದೇ ಆಗಿರುವುದರಿಂದ ಕಿವಿ ನೆರವಿಗೆ ಬರುವುದಿಲ್ಲ, ಪದದ ಮೂಲವನ್ನೇ ಹಿಡಿಯಬೇಕು. ಮಧ್ಯಯುಗದ ಯುರೋಪಿನಲ್ಲಿ ಊರೂರು ಅಲೆದು ಮಾರುವವರ ನಡುವೆ, ವಿಶ್ವವಿದ್ಯಾಲಯಗಳ ಬಳಿ ಒಂದೇ ಕಡೆ ಅಂಗಡಿಯಿಟ್ಟು ಪುಸ್ತಕ ಮಾರುತ್ತಿದ್ದವನು ‘ಸ್ಟೇಷನರ್’ ಎನಿಸಿಕೊಂಡ. ಬೇಕರ್‌ನಿಂದ ಬೇಕರಿ ಆದಂತೆ ಅವನಿಂದ ಸ್ಟೇಷನರಿ ಆಯಿತು; ಆದ್ದರಿಂದ ಕಾಗದ, ಪೆನ್ನುಗಳ ಪದದ ಕೊನೆಗೆ ‘ಇ-ಆರ್-ವೈ’. ಚಲಿಸದೆ ನಿಂತ ಎಂಬರ್ಥದ ಪದದ ಕೊನೆಗೆ ‘ಎ-ಆರ್-ವೈ’. ನಿಲ್ಲುವುದು ಎಂಬ ಒಂದೇ ಲ್ಯಾಟಿನ್ ಮೂಲದಿಂದ ಬಂದ ಈ ಎರಡು ಪದಗಳು ಒಂದಕ್ಷರದಿಂದ ಬೇರೆಯಾಗಿರುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಕಾಲೇಜಿನ ಪ್ರಿನ್ಸಿಪಲ್‌ಗೆ ಕೊನೆಯಲ್ಲಿ ‘ಪಿ-ಎ-ಎಲ್’. ಬ್ಯಾಂಕ್ ಸಾಲದ ಅಸಲಿಗೂ ಇದೇ ಪದ, ಏಕೆಂದರೆ ಎರಡರಲ್ಲೂ ಮುಖ್ಯವಾದದ್ದು ಎಂಬ ಅರ್ಥವಿದೆ. ತತ್ತ್ವ ಎಂಬರ್ಥದ ಪದಕ್ಕೆ ಮಾತ್ರ ‘ಪಿ-ಎಲ್-ಇ’.

ಮನೆಯಲ್ಲಿ ಉಕ್ತಲೇಖನ ಬರೆಸುವಾಗ ಬಿಡಿ ಪದ ಹೇಳಬೇಡಿ, ಇಡೀ ವಾಕ್ಯ ಓದಿ. ‘ಪ್ರಿನ್ಸಿಪಲ್’ ಎಂದಷ್ಟೇ ಕೇಳಿದರೆ ಯಾವುದನ್ನು ಬರೆಯಬೇಕೆಂದು ಇಂಗ್ಲೆಂಡಿನ ಮಗುವಿಗೂ ತಿಳಿಯುವುದಿಲ್ಲ.